ಇಪ್ಪತ್ತೆಂಟು ದಿನಗಳ ಯೋಗ ಶಿಕ್ಷಕಿ

ಕಲಿಯುವುದನ್ನು ಪೂರ್ತಿ ಮುಗಿಸದೆ ಕಲಿಸಲು ಹೊರಟವರಿಗೆ ಇಂಥ ಪ್ರಸಂಗಗಳು ಆಗಾಗ ಎದುರಾಗುತ್ತವೆ. ನಾನು ಸಮಯಪಾಲನೆಯ ಹೆಂಗಸಾದ್ದರಿಂದ ನನಗೆ ಅವು ದಿನಾ ಬೆಳಗ್ಗೆ ಆರಕ್ಕೆ ಸರಿಯಾಗಿ ಎದುರಾದವು.

ನನ್ನ ಹಿನ್ನೆಲೆಯನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿಯ ಸಿಸ್ಟರುಗಳು ನಮ್ಮ ತಲೆಯ ಮೇಲೆ ನಿಘಂಟು ಇಟ್ಟು ವರಾಂಡದ ಈ ತುದಿಯಿಂದ ಆ ತುದಿಗೆ ನಡೆಸುತ್ತಿದ್ದರು. ಅದರ ಫಲವಾಗಿ ಈ ವಯಸ್ಸಿನಲ್ಲೂ ನನ್ನ ಬೆನ್ನು ನೆಟ್ಟಗಿದೆ. ಆಮೇಲೆ ಮೂವತ್ತು ವರ್ಷ ಹೆಣ್ಣುಮಕ್ಕಳ ಹಾಸ್ಟೆಲ್ ಒಂದರ ಮೇಟ್ರನ್ ಆಗಿದ್ದೆ. ಹೇಳದೆ ಕೇಳದೆ ಕೋಣೆಗೆ ಹೋಗಿ ತಪಾಸಣೆ ಮಾಡುವುದರಲ್ಲಿ ನನಗೆ ಹೆಸರಿತ್ತು. ನಿವೃತ್ತಿಯ ನಂತರ ಇಷ್ಟು ನೆಟ್ಟಗಿನ ಬೆನ್ನು, ಇಷ್ಟು ಶಿಸ್ತು ಮನೆಯಲ್ಲಿ ಸುಮ್ಮನೆ ಕೂತು ಹಾಳಾಗಬಾರದೆಂದು ಯೋಗ ಶಿಕ್ಷಕಿಯಾಗಲು ತೀರ್ಮಾನಿಸಿದೆ.

ಚೌಕಟ್ಟು

ವಿದ್ಯಾನಗರದಲ್ಲಿ ನಮ್ಮ ಮನೆಯ ಹಿಂದಿನ ರಸ್ತೆಯ ಸಭಾಭವನದಲ್ಲಿ ಒಬ್ಬ ಮಾಸ್ತರರು ನಲವತ್ತು ವರ್ಷಗಳಿಂದ ಯೋಗ ಕಲಿಸುತ್ತಿದ್ದಾರೆ. ಬೆಳಗ್ಗೆ ಅರವತ್ತು ಜನ ಬರುತ್ತಾರೆ. ಅಲ್ಲಿ ನಾನು ಆರು ತಿಂಗಳು ಮೊದಲ ಸಾಲಿನಲ್ಲಿದ್ದೆ. ನಮ್ಮ ಯಜಮಾನರು ಒಂಬತ್ತು ವರ್ಷಗಳಿಂದ ಕೊನೆಯ ಸಾಲಿನಲ್ಲಿ, ಒಂದು ಕಂಬದ ಹಿಂದೆ ಇದ್ದಾರೆ. ಅವರು ಹತ್ತಿ ವ್ಯಾಪಾರ ಮಾಡಿಕೊಂಡಿದ್ದವರು, ದಿನಾ ಹತ್ತು ನಿಮಿಷ ತಡವಾಗಿ ಹೋಗುವವರು. ಕ್ಲಾಸು ಮುಗಿದ ಮೇಲೆ ಮಾಸ್ತರರ ಜೊತೆ ಚಹಾ ಕುಡಿಯುವುದಕ್ಕೇ ಅವರು ಅಲ್ಲಿಗೆ ಹೋಗುತ್ತಾರೆಂದು ನಾನು ತಿಳಿದಿದ್ದೆ.

ಮಾಸ್ತರರಿಗೆ ಕಣ್ಣಿನ ಆಪರೇಷನ್ ನಿಗದಿಯಾಯಿತು. ಆರು ವಾರ ಕ್ಲಾಸನ್ನು ಯಾರಿಗಾದರೂ ಒಪ್ಪಿಸಬೇಕಿತ್ತು. ಆ ಯಾರಾದರೂ ನಾನೇ ಆಗಬೇಕೆಂದು ನನ್ನ ಮನಸ್ಸು. ಕೂಡಲೇ ಮೊಬೈಲಿನಲ್ಲಿ ಕಲಿಸುವ ಇಪ್ಪತ್ತೆಂಟು ದಿನಗಳ ಶಿಕ್ಷಕ ತರಬೇತಿಗೆ ಸೇರಿ, ಎಲ್ಲರಿಗಿಂತ ಮೊದಲು ಪರೀಕ್ಷೆ ಬರೆದು, ಬಂಗಾರದ ಅಂಚಿನ ಪ್ರಮಾಣಪತ್ರ ಪಡೆದೆ. ತೇಗದ ಚೌಕಟ್ಟು ಹಾಕಿಸಿ ಮಾಸ್ತರರಿಗೆ ತೋರಿಸಲು ತೆಗೆದುಕೊಂಡು ಹೋದೆ.

ಮಾಸ್ತರರು ಕಣ್ಣು ಕಿರಿದು ಮಾಡಿ ಚೌಕಟ್ಟನ್ನು ತಿರುವಿ ನೋಡಿದರು. "ಕಟಗಿ ಛಲೋ ಐತ್ರಿ. ಸಾಗವಾನಿ ಏನು?"

"ಹೌದ್ರಿ. ಒಳಗಿಂದು ಓದ್ರಿ," ಎಂದೆ.

"ಒಳಗಿಂದು ಓದಾಕ ಕಣ್ಣಿನ ಆಪರೇಷನ್ ಆಗಬೇಕ್ರಿ," ಎಂದು ನಕ್ಕು, "ಹಿಂಗ ಮಾಡ್ರಿ. ಒಂದು ತಿಂಗಳು ನಿಮ್ಮ ಮಾಳಗಿ ಮ್ಯಾಲೆ ಕ್ಲಾಸ್ ನಡಸ್ರಿ. ಒಂದಿನ ಹೇಳದ ಕೇಳದ ಬಂದು ನೋಡ್ತೇನಿ. ಆಮ್ಯಾಲೆ ಕ್ಲಾಸ್ ಯಾರ ಕೈಯಾಗ ಕೊಡಬೇಕು ಅಂತ ಹೇಳ್ತೇನಿ," ಎಂದರು.

ಮೂವತ್ತು ವರ್ಷ ತಪಾಸಣೆ ಮಾಡಿದವಳಿಗೇ ತಪಾಸಣೆ. ಮನೆಗೆ ಬಂದು ಚೌಕಟ್ಟನ್ನು ಗೋಡೆಗೆ ಹಾಕಲು ಯಜಮಾನರಿಗೆ ಹೇಳಿದೆ. ಅವರು ಮೊಳೆ ಹೊಡೆದು, ದೂರ ನಿಂತು ನೋಡಿ, "ಸ್ವಲ್ಪ ಒಂದು ಕಡಿ ವಾಲೇತಿ," ಎಂದರು. ವಾಲಿದ್ದು ಮೊಳೆ ಎಂದೇ ನಾನು ಆಗ ತಿಳಿದೆ.

ಬಲಗೈ

ತಾರಸಿಯ ಮೇಲೆ ಸುಣ್ಣದ ಗೆರೆ ಎಳೆಸಿದೆ. ಹನ್ನೊಂದು ಹೆಂಗಸರು ಸೇರಿದರು. ಗೆರೆಗೆ ಸರಿಯಾಗಿ ಚಾಪೆ ಹಾಸಬೇಕು, ಆರೂ ಐದಕ್ಕೆ ಗೇಟು ಹಾಕಲಾಗುವುದು, ಕ್ಲಾಸಿನಲ್ಲಿ ಮಾತಾಡಬಾರದು, ನಾನು ಹೇಳದೆ ಏನನ್ನೂ ಮಾಡಬಾರದು, ನಾನು ಹೇಳದೆ ಏನನ್ನೂ ನಿಲ್ಲಿಸಬಾರದು. ಈ ಐದು ನಿಯಮಗಳನ್ನು ಮೊದಲ ದಿನವೇ ಓದಿ ಹೇಳಿದೆ. ಅವರೆಲ್ಲ ನನ್ನನ್ನು ನಮ್ಮ ಕಡೆ ಶಿಕ್ಷಕಿಯರನ್ನು ಕರೆಯುವಂತೆ "ಬಾಯಾರ" ಎಂದು ಕರೆದರು. ಕೇಳಲು ಹಿತವಾಗಿತ್ತು.

ಅವರಿಗೆ ಎದುರಾಗಿ ನಿಂತು, "ಬಲಗೈ ಮ್ಯಾಲೆ. ಎಡಕ್ಕ ಬಾಗ್ರಿ," ಎಂದು ನನ್ನ ಬಲಗೈಯನ್ನೇ ಎತ್ತಿ ನನ್ನ ಎಡಕ್ಕೇ ಬಾಗಿದೆ. ಕಿವಿ ನಂಬಿದ ಆರು ಜನ ಬಲಗೈ ಎತ್ತಿದರು. ಕಣ್ಣು ನಂಬಿದ ಐದು ಜನ ಎದುರಿಗೆ ಕಂಡಂತೆ ಎಡಗೈ ಎತ್ತಿದರು. ಆರು ಜನ ಎಡಕ್ಕೆ, ಐದು ಜನ ಬಲಕ್ಕೆ ಬಾಗಿದಾಗ ನಡುವಿನಲ್ಲಿದ್ದ ಔಷಧಿ ಅಂಗಡಿಯವರ ಹೆಂಡತಿಯ ತಲೆಗೂ ಪಕ್ಕದವರ ತಲೆಗೂ ಸಂಧಿಯಾಯಿತು. ಸದ್ದು ನನಗೂ ಕೇಳಿಸಿತು.

ಔಷಧಿ ಅಂಗಡಿಯಾಕೆ ತಲೆ ಉಜ್ಜಿಕೊಳ್ಳುತ್ತ, "ಬಾಯಾರ, ನಿಮ್ಮ ಮಾತು ಕೇಳಬೇಕೋ, ಕೈ ನೋಡಬೇಕೋ?" ಎಂದಳು.

ಪ್ರಶ್ನೆ ನ್ಯಾಯವಾದದ್ದೇ. ಆದರೆ ನನ್ನ ಇಪ್ಪತ್ತೆಂಟು ದಿನಗಳ ಪಾಠದಲ್ಲಿ ಅದು ಬಂದಿರಲಿಲ್ಲ. "ಕೈ ನೋಡ್ರಿ," ಎಂದು ತೀರ್ಪು ಕೊಟ್ಟೆ. "ಆದ್ರ ಎದುರಿಗೆ ಕಂಡಂಗ ಅಲ್ಲ. ಎದುರಿಗೆ ನಿಂತವರ ಬಲಗೈ ಯಾವುದು ಅಂತ ಮನಸ್ಸಿನ್ಯಾಗ ವಿಚಾರ ಮಾಡಿ, ನೀವೂ ಅದ ಕೈ ಎತ್ತಬೇಕು."

ಒಂದು ವಾರ ಬಾಯಿಬಿಡದೆ, ಬರೀ ಕೈ ಎತ್ತಿ ಇಳಿಸಿ ಅಭ್ಯಾಸ ಮಾಡಿಸಿದೆ. ನಾನು ಎಡಗೈ ಎತ್ತಿದರೆ ಹನ್ನೊಂದು ಎಡಗೈ, ಬಲಗೈ ಎತ್ತಿದರೆ ಹನ್ನೊಂದು ಬಲಗೈ. ಗಣರಾಜ್ಯೋತ್ಸವದ ಕವಾಯತಿನಂತೆ. ಸಭಾಭವನಕ್ಕೆ ಹೊರಡುವ ಮುಂಚೆ ನೀರಿನ ಟ್ಯಾಂಕಿನ ಪಕ್ಕದಲ್ಲಿ ಗಿಡಗಳಿಗೆ ನೀರು ಹಾಕುತ್ತಿದ್ದ ಯಜಮಾನರಿಗೆ, "ನೋಡಿದ್ರೇನು?" ಎಂದು ಕೇಳಿದೆ.

"ನೋಡಿದೆ," ಎಂದರು. "ಮಾಸ್ತರು ಬಲಗೈ ಅಂತ ಹೇಳಿ ತಾವು ಎಡಗೈ ಎತ್ತತಾರ. ಕನ್ನಡಿಯೊಳಗ ಕಂಡಂಗ. ಮಂದಿಗೆ ವಿಚಾರ ಮಾಡೂ ಕೆಲಸಾನ ಇಲ್ಲ."

"ಅದಕ್ಕ ಎಷ್ಟು ದಿನ ಬೇಕು ಕಲಿಯಾಕ?"

"ಮಾಸ್ತರಿಗೆ ಮೂರು ವರ್ಷ ಹಿಡೀತಂತ."

"ನಾ ಇವರಿಗೆ ಒಂದ ವಾರದಾಗ ಕಲಿಸೇನಿ," ಎಂದೆ.

ಅವರು ದಾಸವಾಳಕ್ಕೆ ಇನ್ನೊಂದು ತಂಬಿಗೆ ನೀರು ಹಾಕಿ, "ಹೌದು. ಒಬ್ಬರು ಕಲಿಯೂದನ್ನ ಹನ್ನೊಂದು ಮಂದಿಗೆ ಹಂಚಿದಿ," ಎಂದರು.

ಉಸಿರು

ಎರಡನೆಯ ವಾರ ಪ್ರಾಣಾಯಾಮ. ಎಲ್ಲರನ್ನೂ ನೆಟ್ಟಗೆ ಕೂರಿಸಿ, "ಉಸಿರು ಒಳಗ ತಗೋರಿ. ಹಿಡೀರಿ," ಎಂದೆ. ಅಷ್ಟರಲ್ಲಿ ಕೆಳಗೆ ಗೇಟಿನ ಸದ್ದಾಯಿತು. ಹನ್ನೊಂದನೆಯವಳಾದ, ಬ್ಯಾಂಕಿನಲ್ಲಿ ಕೆಲಸ ಮಾಡುವಾಕೆ ಆರೂ ಹನ್ನೆರಡಕ್ಕೆ, ಹಾಕಿದ ಗೇಟನ್ನು ತಾನೇ ತೆಗೆದುಕೊಂಡು ಮೆಟ್ಟಿಲು ಹತ್ತಿ ಬಂದಳು.

ಸಮಯಪಾಲನೆಯ ಬಗ್ಗೆ ನಾನು ಎರಡು ಮಾತು ಹೇಳಲೇಬೇಕಾಯಿತು. ಕಾನ್ವೆಂಟಿನಲ್ಲಿ ಒಂದು ನಿಮಿಷ ತಡವಾದರೆ ಸಿಸ್ಟರು ಬಾಗಿಲ ಹೊರಗೆ ನಿಲ್ಲಿಸುತ್ತಿದ್ದುದು, ಹಾಸ್ಟೆಲಿನಲ್ಲಿ ನಾನು ಗಂಟೆ ಬಾರಿಸುತ್ತಿದ್ದ ಕ್ರಮ, ಬ್ಯಾಂಕಿಗೆ ಗಿರಾಕಿ ತಡವಾಗಿ ಹೋದರೆ ಇವಳೇ ಕಿಟಕಿ ಮುಚ್ಚುವ ರೀತಿ, ಎಲ್ಲ ಸೇರಿ ಎರಡು ಮಾತು ಸ್ವಲ್ಪ ಉದ್ದವೇ ಆದವು.

ಮಾತು ಮುಗಿಸಿ ತಿರುಗಿದರೆ ಹತ್ತು ಜನ ಕೆನ್ನೆ ಉಬ್ಬಿಸಿಕೊಂಡು, ಕಣ್ಣು ಮುಚ್ಚಿಕೊಂಡು, ಗಂಭೀರವಾಗಿ ಕೂತಿದ್ದಾರೆ. ಉಸಿರು ಬಿಡಿ ಎನ್ನುವುದನ್ನು ನಾನು ಮರೆತೇಬಿಟ್ಟಿದ್ದೆ.

"ಬಿಡ್ರಿ, ಬಿಡ್ರಿ," ಎಂದೆ. ಹತ್ತೂ ಜನ ಒಮ್ಮೆಲೇ ಬಿಟ್ಟರು. ಯಾರ ಮುಖವೂ ಕೆಂಪಾಗಿರಲಿಲ್ಲ, ಯಾರೂ ಏದುಸಿರು ಬಿಡಲಿಲ್ಲ. ಇಷ್ಟು ಬೇಗ ಇಂಥ ಸಾಧನೆಯೇ ಎಂದು ನನಗೆ ಬೆರಗು.

"ಅಷ್ಟೊತ್ತು ಹೆಂಗ ಹಿಡಿದ್ರೆವಾ?" ಎಂದು ಔಷಧಿ ಅಂಗಡಿಯಾಕೆಯನ್ನು ಕೇಳಿದೆ.

ಅವಳು ತಲೆ ತಗ್ಗಿಸಿ, "ನಾವು ಯಾವಾಗೋ ಬಿಟ್ಟೇವ್ರಿ ಬಾಯಾರ. ಮೂಗಿನ್ಯಾಗ ಸಣ್ಣಗ ಉಸುರಾಡಕೋತ, ಮಾರಿ ಅಷ್ಟ ಹಿಡಿದಂಗ ಇಟ್ಟಿದ್ವಿ. ನೀವು ಹೇಳದ ಏನೂ ನಿಲ್ಲಿಸಬಾರದು ಅಂದಿದ್ರೆಲ್ಲ," ಎಂದಳು.

ಹಾಸ್ಟೆಲಿನ ಹುಡುಗಿಯರು ನಾನು ಬಾಗಿಲು ತೆಗೆದ ಕೂಡಲೇ ನಿದ್ದೆಯ ಮುಖ ಮಾಡುತ್ತಿದ್ದದ್ದು ನೆನಪಾಯಿತು. ಮೂವತ್ತು ವರ್ಷ ನಾನು ತಪಾಸಣೆ ಮಾಡಿದ್ದು ಮುಖಗಳನ್ನು ಮಾತ್ರವೋ ಏನೋ ಎಂಬ ಸಂಶಯ ಮೊದಲ ಸಲ ಬಂತು. ಹಿಂದಿನಿಂದ ಬ್ಯಾಂಕಿನಾಕೆ ತನ್ನ ಚಾಪೆ ಬಿಚ್ಚುತ್ತ ಪಕ್ಕದವಳಿಗೆ ಹೇಳಿದ್ದು ಕೇಳಿಸಿತು: "ದೇವರು ದೊಡ್ಡಾಂವ. ನಾ ಇವತ್ತ ಲೇಟಾಗಿ ಬಂದೆ."

ಮೆಣಸಿನ ಗಿಡ

ಔಷಧಿ ಅಂಗಡಿಯಾಕೆಯ ಅತ್ತೆ ಉಪ್ಪಿನಬೆಟಗೇರಿಯಿಂದ ಬಂದಿದ್ದರು. ಇಳಕಲ್ ಸೀರೆ, ಹಣೆಯ ತುಂಬ ವಿಭೂತಿ, ಎಪ್ಪತ್ತು ದಾಟಿದ ಮುದುಕಿ. ಸೊಸೆ ಬೆಳಗ್ಗೆ ಬೆಳಗ್ಗೆ ಎಲ್ಲಿಗೆ ಹೋಗುತ್ತಾಳೆಂದು ನೋಡಲು ಜೊತೆಗೆ ಬಂದವರು, ಒಣ ಮೆಣಸಿನಕಾಯಿಯ ಬುಟ್ಟಿಯನ್ನೂ ತಂದಿದ್ದರು. ತಾರಸಿಯ ಮೂಲೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತು ತೊಟ್ಟು ಮುರಿಯತೊಡಗಿದರು.

ಆ ದಿನ ಮಾಲಾಸನ. ಪಾದ ಪೂರ್ತಿ ನೆಲಕ್ಕೆ ಊರಿ, ಪೃಷ್ಠವನ್ನು ಕೆಳಗೆ ಬಿಟ್ಟು ಕುಕ್ಕರಿಸಿ ಕೂರುವ ಆಸನ. ನನ್ನ ಹಿಮ್ಮಡಿ ನೆಲ ಮುಟ್ಟುವುದಿಲ್ಲ. ಹಿಮ್ಮಡಿಯ ಕೆಳಗೆ ಟವೆಲ್ ಮಡಚಿ ಇಟ್ಟುಕೊಳ್ಳಬಹುದೆಂದು ತರಬೇತಿಯಲ್ಲಿ ಹೇಳಿದ್ದರು. ನಾನು ಎರಡು ಇಟ್ಟುಕೊಂಡಿದ್ದೆ.

ಅಜ್ಜಿಯ ಕಡೆ ನೋಡಿದಾಗ ನನ್ನ ಶಿಕ್ಷಕಿಯ ಮನಸ್ಸು ಸುಮ್ಮನಿರಲಿಲ್ಲ. "ಅಮ್ಮಾ, ಹಂಗ ಭಾಳ ಹೊತ್ತು ಕುಂಡ್ರಬಾರದು. ಮೊಣಕಾಲಿಗೆ ತ್ರಾಸು. ಕುಂಡ್ರೂದಕ್ಕ ಒಂದು ಪದ್ಧತಿ ಐತಿ," ಎಂದೆ.

ಅಜ್ಜಿ ಕೈ ನಿಲ್ಲಿಸದೆ, "ಸಣ್ಣಾಕಿ ಇದ್ದಾಗಿಂದ ಮೆಣಸಿನ ಗಿಡದಾಗ ಹಿಂಗ ಕುಂತ ಕಸಾ ತೆಗದೇನ್ವಾ. ಈ ಸಾಲಿನಿಂದ ಆ ಸಾಲಿಗೆ ಕುಂತಲ್ಲೇ ಸರಕೋತ ಹೋಗೂದು. ಇದರಾಗ ತಪ್ಪೇನೈತಿ ನೋಡೂಣು, ನಿನ್ನ ಪದ್ಧತಿ ತೋರಸು," ಎಂದರು.

ಅವರ ಎದುರಿಗೇ ಹೋಗಿ ಕೂತು ತೋರಿಸಿದೆ. ಅರ್ಧ ನಿಮಿಷ ಚೆನ್ನಾಗಿಯೇ ಇದ್ದೆ. ಆಮೇಲೆ ಎಡಗಡೆಯ ಟವೆಲ್ ಜಾರಿತು. ನನ್ನ ನೆಟ್ಟಗಿನ ಬೆನ್ನು ನೆಟ್ಟಗೇ ಹಿಂದಕ್ಕೆ ಹೋಗಿ ಚಾಪೆಗೆ ತಾಗಿತು. ಕಾಲೆರಡೂ ನೀರಿನ ಟ್ಯಾಂಕಿನ ಕಡೆ ಮುಖ ಮಾಡಿದವು. ಹನ್ನೊಂದು ಜನರಲ್ಲಿ ಯಾರೂ ನಗಲಿಲ್ಲ. ನಿಯಮವಿತ್ತು.

ಅಜ್ಜಿ ಕುಕ್ಕರುಗಾಲಿನಲ್ಲೇ ಎರಡು ಹೆಜ್ಜೆ ಸರಿದು ಬಂದು, ಒಂದೇ ಕೈಯಿಂದ ನನ್ನನ್ನು ಎಬ್ಬಿಸಿ ಕೂರಿಸಿ, ನಿಜವಾದ ಜಿಜ್ಞಾಸೆಯಿಂದ ಕೇಳಿದರು: "ಇದಕ್ಕೇನು ಅಂತಾರವಾ ಬಾಯಿ?"

"ಮಾಲಾಸನ," ಎಂದೆ.

"ಕುಂತದ್ದಕ್ಕೋ, ಬಿದ್ದದ್ದಕ್ಕೋ?"

ಸ್ಕೂಟರ್

ವಿದ್ಯಾನಗರದಲ್ಲಿ ಬೇಕಾದಷ್ಟು ಗ್ಯಾರೇಜುಗಳಿದ್ದರೂ ನನ್ನ ಸ್ಕೂಟರ್ ಧಾರವಾಡದ ಲಕಮನಹಳ್ಳಿಗೇ ಹೋಗಬೇಕು. ಅಲ್ಲಿಯ ಮೆಕ್ಯಾನಿಕ್ ಚಾಚಾ ಒಬ್ಬರನ್ನು ಬಿಟ್ಟು ಬೇರೆಯವರು ಅದನ್ನು ಮುಟ್ಟಲು ನಾನು ಬಿಡುವುದಿಲ್ಲ. ಅವರು ಇಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುವವರು.

ಆ ದಿನ ಹೋದಾಗ ಚಾಚಾ ಸೊಂಟ ಹಿಡಿದುಕೊಂಡು ನಿಧಾನವಾಗಿ ಎದ್ದರು. ಬೆನ್ನುನೋವು. ನನ್ನ ಕೈಗೆ ಒಂದು ಬೆನ್ನು ಸಿಕ್ಕಿತು. "ಚಾಚಾ, ಭುಜಂಗಾಸನ ಹೇಳಿಕೊಡ್ತೇನಿ. ಒಂದು ಚಾಪಿ ಹಾಸ್ರಿ. ನಾ ಒತ್ತಿ ಸರಿ ಮಾಡ್ತೇನಿ," ಎಂದೆ.

"ಎಲ್ಲಿ ಕಲ್ತ್ರಿ ಮೇಡಂ?" ಎಂದು ಅವರು ಕೇಳಿದರು.

"ಶಿಕ್ಷಕರ ತರಬೇತಿ ಆಗೇತಿ. ಸರ್ಟಿಫಿಕೇಟ್ ಐತಿ."

"ಎಷ್ಟು ದಿನದ್ದು?"

"ಇಪ್ಪತ್ತೆಂಟು ದಿನ."

"ರವಿವಾರ ಸೂಟಿ ಇತ್ತೇನ್ರಿ?"

ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ. "ಇತ್ತು," ಎಂದೆ.

"ಇಪ್ಪತ್ನಾಕು," ಎಂದು ಚಾಚಾ ತಮ್ಮಷ್ಟಕ್ಕೆ ಹೇಳಿಕೊಂಡು, ಕೈಯನ್ನು ಬಟ್ಟೆಗೆ ಒರೆಸಿಕೊಂಡರು. "ಮೇಡಂ, ನಮ್ಮ ಉಸ್ತಾದರು ನನ್ನ ಕಡೆ ಎರಡು ವರ್ಷ ಬರೇ ನಟ್ ಬೋಲ್ಟ್ ತೊಳಸಿದ್ರು. ಮೂರನೇ ವರ್ಷ ಬ್ರೇಕ್ ಮುಟ್ಟಾಕ ಕೊಟ್ರು. ಇಂಜಿನ್ ಬಿಚ್ಚಿದ್ದು ಐದನೇ ವರ್ಷ. ಖರೇ ಹೇಳ್ರಿ, ನಾ ಇಪ್ಪತ್ನಾಕು ದಿನ ಕಲ್ತು ಬಂದೇನಿ ಅಂದಿದ್ರ ಈ ಸ್ಕೂಟರ್ ನನಗ ಬಿಡ್ತಿದ್ರೇನು?"

ಗೇಟಿನ ಒಳಗೂ ಬಿಡುತ್ತಿರಲಿಲ್ಲ. ಕೀಲಿಕೈ ಅವರ ಕೈಗೆ ಕೊಟ್ಟು ಬೆಂಚಿನ ಮೇಲೆ ಹೋಗಿ ಕೂತೆ. ಚಾಚಾ ಸ್ಕೂಟರ್ ಸರಿ ಮಾಡಿ ಕೊಡುವಾಗ ಬಹಳ ಮರ್ಯಾದೆಯಿಂದ ಹೇಳಿದರು: "ಬೆನ್ನಿಗೆ ಸ್ಪೇರ್ ಪಾರ್ಟ್ ಸಿಗೂದಿಲ್ಲ ನೋಡ್ರಿ ಮೇಡಂ. ಅದಕ್ಕ."

ಶವಾಸನ

ತಿಂಗಳು ಮುಗಿಯುತ್ತ ಬಂತು. ಮಾಸ್ತರರು ಯಾವ ದಿನ ಬರುತ್ತಾರೋ ತಿಳಿಯದೆ ನಾನು ದಿನಾ ನಸುಕಿನಲ್ಲೇ ಎದ್ದು ತಾರಸಿ ಗುಡಿಸಿ, ಸುಣ್ಣದ ಗೆರೆಯನ್ನು ಹೊಸದಾಗಿ ಎಳೆಯುತ್ತಿದ್ದೆ. ಹಾಸ್ಟೆಲಿನ ಹುಡುಗಿಯರು ನನ್ನ ಕಾರಣಕ್ಕೆ ಎಷ್ಟು ನಿದ್ದೆ ಕಳೆದುಕೊಂಡಿರಬಹುದೆಂದು ಆಗ ಅಂದಾಜಾಯಿತು.

ಆ ಗುರುವಾರ ಎಲ್ಲವೂ ಸರಿಯಾಗಿ ನಡೆದಿತ್ತು. ಕೊನೆಗೆ ಶವಾಸನ. "ಕಣ್ಣು ಮುಚ್ಚರಿ. ಮೈ ಸಡಿಲ ಬಿಡ್ರಿ. ನಾ ಏಳ್ರಿ ಅನ್ನೂತನಕ ಯಾರೂ ಏಳಬಾರದು," ಎಂದು ಹೇಳಿ, ಮಾಡಿ ತೋರಿಸಬೇಕೆಂದು ನಾನೂ ಮಲಗಿದೆ. ಕಾಲ್ಬೆರಳು ಸಡಿಲ, ಮೊಣಕಾಲು ಸಡಿಲ, ಸೊಂಟ ಸಡಿಲ ಎಂದು ಹೇಳುತ್ತ ಹೋದೆ. ಭುಜಕ್ಕೆ ಬಂದದ್ದು ನೆನಪಿದೆ. ಕುತ್ತಿಗೆಗೆ ಬಂದದ್ದು ನೆನಪಿಲ್ಲ.

ಕಣ್ಣು ತೆರೆದಾಗ ನನ್ನ ಮುಖದ ಮೇಲೆ ಒಂದು ಕಪ್ಪು ಛತ್ರಿ ಇತ್ತು. ಅದರ ಆಚೆ ಚುರುಚುರು ಬಿಸಿಲು. ಛತ್ರಿ ಸರಿಸಿ ನೋಡಿದರೆ ಮಾಸ್ತರರು ನಮ್ಮ ಊಟದ ಮನೆಯ ಕುರ್ಚಿಯ ಮೇಲೆ ಕೂತಿದ್ದಾರೆ. ಪಕ್ಕದಲ್ಲಿ ನಮ್ಮ ಯಜಮಾನರು, ನಡುವೆ ನಾಲ್ಕು ಖಾಲಿ ಕಪ್ಪುಗಳು. ಮೆಟ್ಟಿಲ ಬಾಗಿಲಲ್ಲಿ ಹೆಂಡತಿಯರನ್ನು ಹುಡುಕಿಕೊಂಡು ಬಂದ ಐದಾರು ಗಂಡಸರು ಚಪ್ಪಲಿ ಬಿಟ್ಟು, ಸಾಲಾಗಿ, ಸುಮ್ಮನೆ ನಿಂತಿದ್ದಾರೆ. ಎಲ್ಲರಿಗಿಂತ ಮುಂದೆ ಔಷಧಿ ಅಂಗಡಿಯವರು. ನನ್ನ ಹನ್ನೊಂದು ಜನ ಬಿಸಿಲಿನಲ್ಲಿ ಗೆರೆಗೆ ಸರಿಯಾಗಿ ಮಲಗಿದ್ದಾರೆ, ಒಬ್ಬರೂ ಅಲುಗಾಡಿಲ್ಲ.

ಎದ್ದು ಕೂತು, ಸೆರಗು ಸರಿ ಮಾಡಿಕೊಂಡು, "ಎಷ್ಟೊತ್ತಾತು?" ಎಂದು ಯಜಮಾನರನ್ನು ಕೇಳಿದೆ.

"ಒಂಬತ್ತಕ್ಕ ಹತ್ತು ನಿಮಿಷ ಐತಿ."

"ಎಬ್ಬಿಸಬಾರದೇನು?"

"ನೀ ಹೇಳದ ಏನೂ ಮಾಡಬಾರದು ಅಂತ ನಿಯಮ ಐತೆಲ್ಲ. ಛತ್ರಿ ಇಡೂದು ಅದರಾಗ ಬರೂದಿಲ್ಲ ಅನ್ಕೊಂಡೆ."

ಔಷಧಿ ಅಂಗಡಿಯವರು ಕೈ ಮುಗಿದು, "ಬಾಯಾರ, ಅಂಗಡಿ ಕೀಲಿಕೈ ನಮ್ಮ ಮನಿಯಾಕಿ ಸೊಂಟದಾಗ ಐತ್ರಿ. ಅಕಿ ಏಳೂದು ಬ್ಯಾಡ, ಕೀಲಿಕೈ ಅಷ್ಟ ತಗೋಬಹುದೇನ್ರಿ?" ಎಂದರು. ಮಲಗಿದಲ್ಲಿಂದ, ಕಣ್ಣು ಮುಚ್ಚಿಕೊಂಡೇ, ಅವರ ಹೆಂಡತಿ, "ಸುಮ್ಮನಿರ್ರಿ, ಕ್ಲಾಸಿನ್ಯಾಗ ಮಾತಾಡಬಾರದು," ಎಂದಳು.

"ಏಳ್ರಿ," ಎಂದೆ. ಎದ್ದರು. ಹನ್ನೊಂದು ಜನವೂ ಹೋದ ಮೇಲೆ ಮಾಸ್ತರರ ಎದುರು ನಿಂತೆ. ಕೇಳುವ ಅವಶ್ಯಕತೆ ಇರಲಿಲ್ಲ. ಆದರೂ ತೀರ್ಪನ್ನು ಎದುರಿಗೆ ನಿಂತೇ ಕೇಳಬೇಕೆಂದು ಸಿಸ್ಟರುಗಳು ಕಲಿಸಿದ್ದರು.

ಮಾಸ್ತರರು ನಗಲಿಲ್ಲ. "ಬಾಯಾರ, ಕಲಿಸಾಂವಗ ಶವಾಸನ ಇಲ್ರಿ. ಅಂವಾ ಎಚ್ಚರ ಇರ್ತಾನ ಅಂತ ನಂಬೇ ಉಳಿದವರು ಮಲಗ್ತಾರ. ಮಂದಿ ಮೈ ನೋಡೂದು ಕಲೀಬೇಕಾದ್ರ ನಮ್ಮ ಮೈ ತಾನಾಗೇ ನಡಕೊಂಡು ಹೋಗಬೇಕು. ಅದಕ್ಕ ವರ್ಷಗಟ್ಟಲೆ ಬೇಕು," ಎಂದರು. ಆಮೇಲೆ ಸುಣ್ಣದ ಗೆರೆಗಳನ್ನು ಇನ್ನೊಮ್ಮೆ ನೋಡಿದರು. "ಆದ್ರ ಶಿಸ್ತು ಇಂಥಾದ್ದು ನಾ ನಲವತ್ತು ವರ್ಷದಾಗ ನೋಡಿಲ್ಲ. ಯೋಗ ಅಷ್ಟ ಬಾಕಿ ಐತಿ."

ಕಂಬದ ಹಿಂದೆ

ಮುಂದಿನ ಸೋಮವಾರ ಮಾಸ್ತರರ ಆಪರೇಷನ್. ಆರು ವಾರದ ಕ್ಲಾಸನ್ನು ಯಾರಿಗೆ ಒಪ್ಪಿಸಿದ್ದಾರೆಂದು ಅವರು ನನಗೆ ಹೇಳಲಿಲ್ಲ. "ನಿಮಗ ಜಾಗಾ ಇಟ್ಟೇನಿ, ಬರ್ರಿ. ಎರಡು ವರ್ಷ ಆಗಲಿ, ಆಮ್ಯಾಲೆ ನೋಡೂಣು," ಎಂದಷ್ಟೇ ಹೇಳಿದ್ದರು. ಗೋಡೆಯ ಚೌಕಟ್ಟನ್ನು ಇಳಿಸಿ ಕಪಾಟಿನಲ್ಲಿಟ್ಟೆ. ನನ್ನ ಹನ್ನೊಂದು ಜನರಿಗೂ ಸಭಾಭವನಕ್ಕೇ ಹೋಗಲು ಹೇಳಿದೆ.

ಸೋಮವಾರ ಎದ್ದಾಗ ಯಜಮಾನರು ಮನೆಯಲ್ಲಿರಲಿಲ್ಲ. ಹತ್ತು ನಿಮಿಷ ತಡವಾಗಿ ಹೋಗುವವರು ಇಷ್ಟು ಬೇಗ ಎಲ್ಲಿಗೆ ಹೋದರೆಂದು ಯೋಚಿಸುತ್ತ, ಆರಕ್ಕೆ ಐದು ನಿಮಿಷವಿರುವಾಗ ಸಭಾಭವನ ಮುಟ್ಟಿದೆ. ನನ್ನ ಹನ್ನೊಂದು ಜನ ಐದೂವರೆಗೇ ಬಂದು ಮೊದಲ ಸಾಲು ಹಿಡಿದಿದ್ದರು. ಎಲ್ಲ ಸಾಲುಗಳೂ ತುಂಬಿದ್ದವು. ಖಾಲಿ ಇದ್ದದ್ದು ಒಂದೇ ಜಾಗ, ಕೊನೆಯ ಸಾಲಿನಲ್ಲಿ, ಕಂಬದ ಹಿಂದೆ.

ನಮ್ಮ ಯಜಮಾನರ ಜಾಗ.

ಚಾಪೆ ಹಾಸಿ, ಕಂಬದ ಪಕ್ಕದಿಂದ ಕುತ್ತಿಗೆ ಚಾಚಿ ವೇದಿಕೆ ನೋಡಿದೆ. ಅವರು ಅಲ್ಲಿದ್ದರು. ಇಸ್ತ್ರಿಯಿಲ್ಲದ ಅದೇ ಹಳೆಯ ಬನಿಯನ್, ಅದೇ ಪೈಜಾಮ. ಮಾತೇ ಆಡದೆ ಕಣ್ಣು ಮುಚ್ಚಿ ನಿಂತರು, ಅರವತ್ತು ಜನರೂ ತಾವಾಗಿಯೇ ಸುಮ್ಮನಾದರು. ಒಂಬತ್ತು ವರ್ಷ ಈ ಕಂಬದ ಹಿಂದೆ ಅವರು ಏನು ಮಾಡುತ್ತಿದ್ದರೆಂದು, ಇಲ್ಲಿಗೆ ಬಂದ ಆರು ತಿಂಗಳಲ್ಲಿ ನಾನು ಒಮ್ಮೆಯೂ ತಿರುಗಿ ನೋಡಿರಲಿಲ್ಲ. ಮೊದಲ ಸಾಲಿನವರು ಹಿಂದೆ ನೋಡಬಾರದೆಂಬುದು ನನ್ನದೇ ನಿಯಮ.

"ಬಲಗೈ ಮ್ಯಾಲೆ," ಎಂದು ಯಜಮಾನರು, ಎದುರಿನವರಿಗೆ ಕನ್ನಡಿಯಂತೆ ಕಾಣಲೆಂದು ತಮ್ಮ ಎಡಗೈ ಎತ್ತಿದರು.

ಸಭಾಭವನದ ಅಷ್ಟೂ ಜನರ ಬಲಗೈ ಮೇಲೆ ಹೋಯಿತು. ಮೊದಲ ಸಾಲಿನಲ್ಲಿ ಮಾತ್ರ ಹನ್ನೊಂದು ಹೆಂಗಸರು ವೇದಿಕೆಯ ಕೈಯನ್ನು ದಿಟ್ಟಿಸಿ, ಮನಸ್ಸಿನಲ್ಲಿ ವಿಚಾರ ಮಾಡಿ, ಒಂದೇ ಏಟಿಗೆ, ಒಂದೇ ಎತ್ತರಕ್ಕೆ, ಹನ್ನೊಂದು ಎಡಗೈಗಳನ್ನು ಎತ್ತಿದರು. ಗೆರೆ ಎಳೆದಂತೆ. ಆ ಶಿಸ್ತು ನೋಡಿ ನನಗೆ ಒಂದು ಗಳಿಗೆ ಹೆಮ್ಮೆಯೇ ಆಯಿತು. ಆಮೇಲೆ ನನ್ನ ಕೈ ನೋಡಿಕೊಂಡೆ. ಎಡಗೈ.

ಯಜಮಾನರು ಮೊದಲ ಸಾಲನ್ನು ನೋಡಿದರು. ಅಲ್ಲಿಂದ ಕಣ್ಣು ನಿಧಾನವಾಗಿ ಕೊನೆಯ ಸಾಲಿಗೆ ಬಂತು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅವರು ನನ್ನ ಒಂದು ತಪ್ಪನ್ನೂ ಎತ್ತಿ ತೋರಿಸಿದವರಲ್ಲ. ಆ ದಿನವೂ ಬಹಳ ಮೆಲ್ಲಗೆ, ಬಹಳ ಮರ್ಯಾದೆಯಿಂದ ಹೇಳಿದರು: "ಕಂಬದ ಹಿಂದಿನ ಬಾಯಾರ, ಬಲಗೈ."

ಬದಲಿಸಿದೆ. ನನ್ನ ಹನ್ನೊಂದು ಜನ ಬದಲಿಸಲಿಲ್ಲ. ಎಡಗೈ ಮೇಲೆ ಇಟ್ಟುಕೊಂಡೇ ಹಿಂದಕ್ಕೆ ತಿರುಗಿ ನನ್ನ ಮುಖ ನೋಡಿದರು. ಬಾಯಾರು ಹೇಳದೆ ಏನನ್ನೂ ನಿಲ್ಲಿಸಬಾರದಲ್ಲ. ಇಡೀ ಸಭಾಭವನವೂ ಅವರ ಜೊತೆ ತಿರುಗಿ ಕಂಬದ ಕಡೆ ನೋಡಿತು. ನನಗೆ ಬೇರೆ ದಾರಿಯಿರಲಿಲ್ಲ.

"ಇಳಸ್ರಿ," ಎಂದೆ.

ವೇದಿಕೆಯ ಮೇಲಿನಿಂದ ಯಜಮಾನರು, ಎತ್ತಿದ ಕೈ ಇಳಿಸದೆ, ಹೇಳಿದರು: "ಕ್ಲಾಸಿನ್ಯಾಗ ಮಾತಾಡಬಾರದ್ರಿ, ಬಾಯಾರ."